ಅವ್ವ ರೇಡಿಯೋದಲ್ಲಿ ಬಂದ ದಿನ ಕರೆಂಟಿರಲಿಲ್ಲ

ನಮ್ಮ ಮನೆಯ ರೇಡಿಯೋಗೆ ಒಂದು ಹಸಿರು ಕಣ್ಣಿತ್ತು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಬಿಸಿಯಾಗಬೇಕು, ಆ ಕಣ್ಣು ನಿಧಾನವಾಗಿ ಅರಳಬೇಕು, ಆಮೇಲೆ ಎಲ್ಲಿಂದಲೋ ಧ್ವನಿ ಏರುತ್ತ ಬರುತ್ತಿತ್ತು. ಅಷ್ಟು ಹೊತ್ತು ಧ್ವನಿ ಎಲ್ಲಿರುತ್ತದೆ ಎಂಬುದು ನನ್ನ ಪ್ರಶ್ನೆ. "ಗಾಳಿಯಾಗೆ" ಅನ್ನುತ್ತಿದ್ದ ಅಪ್ಪ. ರೇಡಿಯೋ ಆರಿಸಿದಾಗಲೂ ಗಾಳಿಯಲ್ಲೇ ಇರುತ್ತದಾ ಎಂದರೆ, "ಇರ್ತೈತೆ, ನಿನ್ನ ಬಾಯಿ ಥರ. ಅದಕ್ಕೂ ಬಿಡುವಿಲ್ಲ" ಎಂದು ಎದ್ದು ಹೋಗುತ್ತಿದ್ದ. ನಮ್ಮೂರು ಬಿಳಿಚೋಡಿನಲ್ಲಿ ನನಗೆ ಅಧಿಕಪ್ರಸಂಗಿ ಎಂಬ ಹೆಸರು ಬಂದದ್ದು ಇಂಥ ಪ್ರಶ್ನೆಗಳಿಂದಲೇ. ಅದು ಬೈಗುಳ ಎಂದು ನಾನು ಈಗಲೂ ಒಪ್ಪಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ರೇಡಿಯೋ ಕೇಂದ್ರದವರು ಜೀಪಿನಲ್ಲಿ ಬಂದು ಹೆಂಗಸರ ಬೀಸುವ ಹಾಡುಗಳನ್ನು ಟೇಪು ಮಾಡಿಕೊಂಡು ಹೋದರು. ಊರಿಗೆ ಕರೆಂಟಿನ ಹಿಟ್ಟಿನ ಗಿರಣಿ ಬಂದ ಮೇಲೆ ಮನೆಗಳಲ್ಲಿ ಬೀಸುವ ಕಲ್ಲು ನಿಂತಿತ್ತು, ಹಾಡೂ ನಿಂತಿತ್ತು. ನಮ್ಮ ಪಡಸಾಲೆಯ ಮೂಲೆಯಲ್ಲಿ ಈರುಳ್ಳಿ ಬುಟ್ಟಿ ಹೊತ್ತು ಕೂತಿದ್ದ ಕಲ್ಲನ್ನು ಎಳೆದು, ಒರೆಸಿ, ಅವ್ವನನ್ನು ಕೂರಿಸಿದರು. ಅವ್ವ ಕಣ್ಣು ಮುಚ್ಚಿಕೊಂಡು ಹಾಡಿದಳು. ಪಕ್ಕದ ಮನೆಯ ಇಬ್ಬರು ದನಿಗೂಡಿಸಿದರು. ಮುಗಿದ ಮೇಲೆ ಅವ್ವ, "ನಮಗೂ ಒಂದ್ಸಲ ಕೇಳಿಸ್ರಿ" ಎಂದಳು.

"ಬ್ಯಾಟರಿ ಇಳಿದುಬಿಡುತ್ತಮ್ಮ, ಇನ್ನೂ ಎರಡು ಊರಿದೆ. ರೇಡಿಯೋದಲ್ಲೇ ಕೇಳಿ" ಎಂದು ಅವರು ಪೆಟ್ಟಿಗೆ ಮುಚ್ಚಿದರು.

ಅಲ್ಲಿಂದ ಅವ್ವನ ತಲೆಗೆ ಒಂದು ಹುಳ ಹೊಕ್ಕಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ, "ನನ್ನ ಮುಖ ಕನ್ನಡ್ಯಾಗೆ ಕಾಣ್ತೈತೆ. ನನ್ನ ದನಿ ಎಲ್ಲಿ ನೋಡ್ಲಿ?" ಅನ್ನುತ್ತಿದ್ದಳು. ಇಂಥ ಪ್ರಶ್ನೆ ಕೇಳುವ ರೋಗ ನನಗೆ ಯಾರಿಂದ ಬಂತು ಎಂಬುದು ನನಗೆ ಆಗಲೇ ಗೊತ್ತಾಯಿತು.

ಮೇ ತಿಂಗಳಲ್ಲಿ ರೇಡಿಯೋ ಕೇಂದ್ರದಿಂದ ಕಾರ್ಡು ಬಂತು. ಮುಂದಿನ ವಾರ ಬಿಟ್ಟು ಅದರಾಚೆಯ ಗುರುವಾರ, ಸಂಜೆ ಆರೂವರೆಗೆ ಹಾಡು ಪ್ರಸಾರ. ಅವ್ವ ಕಾರ್ಡನ್ನು ರೇಡಿಯೋದ ಕಸೂತಿ ಬಟ್ಟೆಯ ಕೆಳಗಿಟ್ಟಳು. ಮೂರನೆಯ ದಿನ ಸಂಜೆ ಬೀಸಿದ ಗಾಳಿಗೆ ಊರ ಹೊರಗಿನ ಕರೆಂಟಿನ ಕಂಬಗಳು ಸಾಲಾಗಿ ಮಲಗಿದವು. ಮಳೆ ಮಾತ್ರ ಹತ್ತು ಹನಿಯೂ ಬರಲಿಲ್ಲ.

ಮೊದಲೆರಡು ದಿನ ಹಬ್ಬವೇ. ಅಟ್ಟದ ಮೇಲಿನ ಬುಡ್ಡಿ ದೀಪಗಳು ಇಳಿದವು. ನಾನು ಬೂದಿ ಹಾಕಿ ಲಾಟೀನಿನ ಗಾಜು ಉಜ್ಜಿದೆ, ಒಂದನ್ನು ಒಡೆದೆ. ನೀರಿನ ಪಂಪು ನಿಂತದ್ದರಿಂದ ಎಲ್ಲರೂ ಹಳೇ ಬಾವಿಗೆ ಹಗ್ಗ ಕಟ್ಟಿದರು. ನಾಲ್ಕನೆಯ ದಿನ ಹಿಟ್ಟು ಮುಗಿಯಿತು. ಜಗಳೂರಿನಲ್ಲೂ ಕರೆಂಟಿಲ್ಲ, ಅಲ್ಲಿನ ಗಿರಣಿಯೂ ಬಂದ್. ಅವ್ವ ಈರುಳ್ಳಿ ಬುಟ್ಟಿಯನ್ನು ಎತ್ತಿಟ್ಟಳು.

ಮರುದಿನ ಬೆಳಿಗ್ಗೆ ನಾನು ಎದ್ದದ್ದು ಕಲ್ಲಿನ ಸದ್ದಿಗೆ. ಅದರ ಮೇಲೆ ಅವ್ವನ ಹಾಡು. ಅವ್ವ ಇಷ್ಟು ಹಾಡು ಎಲ್ಲಿ ಅಡಗಿಸಿಟ್ಟಿದ್ದಳು ಎಂದು ನನಗೆ ಆಶ್ಚರ್ಯ. ಕೇಳಿದೆ. "ನಮ್ಮವ್ವ ಬೀಸೋವಾಗ ಎದುರಿಗೆ ಕೂರ್ತಿದ್ದೆ. ಅವೇ ಬಂದ್ವು" ಎಂದಳು. ಅವ್ವನ ತವರು ಹೊನ್ನಾಳಿ ಕಡೆ. ನಾನು ಹುಟ್ಟುವ ಮುಂಚೆಯೇ ಅಜ್ಜಿ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ.

ಕಾಳು ಹಾಕದೆ ತಿರುಗಿಸಿದರೆ ಸದ್ದು ಹೇಗಿರುತ್ತದೆ ಎಂದು ಒಮ್ಮೆ ನೋಡಲು ಹೋದೆ. ಅವ್ವ ಬಂದು ಕೈ ಮೇಲೆ ಹೊಡೆದಳು. "ಬರೇ ಕಲ್ಲು ತಿರುಗಿಸ್ತಾರೇನೆ? ಮನೆಗೆ ಒಳ್ಳೇದಲ್ಲ."

ಗುರುವಾರ ಹತ್ತಿರವಾದಂತೆ ಅಪ್ಪನಿಗೆ ಕಸಿವಿಸಿ. ತನ್ನ ಕಿರಾಣಿ ಅಂಗಡಿ ಮುಚ್ಚಿ ದಿನ ಬಿಟ್ಟು ದಿನ ಬಸ್ಸು ಹತ್ತಿ ಜಗಳೂರಿಗೆ ಹೋಗಿ ವಿಚಾರಿಸಿ ಬರುತ್ತಿದ್ದ. "ಕಂಬ ಬರಬೇಕಂತೆ." ಮತ್ತೆ ಹೋದರೆ, "ಕಂಬ ಬಂದಾವೆ, ತಂತಿ ಬರಬೇಕಂತೆ." ಟ್ರಾನ್ಸಿಸ್ಟರ್ ಇದ್ದ ಮೇಷ್ಟ್ರು ಬೇಸಿಗೆ ರಜೆಗೆ ಊರಿಗೆ ಹೋಗಿದ್ದರು. ಇನ್ನೊಬ್ಬರ ಮನೆಯದಕ್ಕೆ ಸೆಲ್ಲಿರಲಿಲ್ಲ. ಊರಿನ ಟಾರ್ಚುಗಳೆಲ್ಲ ಸೇರಿ ಅಪ್ಪನ ಅಂಗಡಿಯ ಸೆಲ್ಲು ತಿಂದು ಮುಗಿಸಿದ್ದವು, ಮಾರಿದವನು ಅಪ್ಪನೇ. ಜಗಳೂರಿನ ಅಂಗಡಿಗಳಲ್ಲೂ ಸೆಲ್ಲು ಸಿಗುತ್ತಿರಲಿಲ್ಲ. ನಾನು ನಾಲ್ಕು ಹಳೇ ಸೆಲ್ಲುಗಳನ್ನು ಮಾಳಿಗೆಯ ಬಿಸಿಲಿಗೆ ಒಣಗಿಸಿ, ತಂತಿ ಸುತ್ತಿ ನಮ್ಮ ರೇಡಿಯೋಗೆ ಚುಚ್ಚಿ ನೋಡಿದೆ. ಹಸಿರು ಕಣ್ಣು ರೆಪ್ಪೆ ಕೂಡ ಅಲುಗಿಸಲಿಲ್ಲ.

ಅವ್ವ ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು. ಅದೇ ನನಗೆ ಸಿಟ್ಟು. ನಾನಾಗಿದ್ದರೆ ಪಾತ್ರೆ ಎಸೆಯುತ್ತಿದ್ದೆ.

ಆಗ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದೆವು. ಕುರಿ ಕಾಯುವ ಅಜ್ಜನ ಹೆಗಲಲ್ಲಿ, ಕಂಬಳಿಯ ಮೇಲೆ, ಚರ್ಮದ ಚೀಲದ ಒಂದು ಟ್ರಾನ್ಸಿಸ್ಟರ್ ಯಾವಾಗಲೂ ನೇತಾಡುತ್ತಿತ್ತು. ಅಪ್ಪ ಅದನ್ನು 'ಕುರಿ ಡಬ್ಬಿ' ಅನ್ನುತ್ತಿದ್ದ. "ಕುರಿಗೆ ವಾರ್ತೆ ಕೇಳಿಸ್ತೀಯೇನಪ್ಪ?" ಎಂದು ಅವನ ಎದುರಿಗೇ ನಗುತ್ತಿದ್ದ. ಈಗ ಆ ಡಬ್ಬಿಯ ಹೆಸರೆತ್ತಲು ಅಪ್ಪನಿಗೆ ನಾಲಿಗೆ ಏಳುತ್ತಿರಲಿಲ್ಲ. ನನಗೆ ಅಂಥ ನಾಚಿಕೆ ಇರಲಿಲ್ಲ. ಸೋಮವಾರ ಮಜ್ಜಿಗೆ ಕೊಡಲು ಹೋದವಳು ಎಲ್ಲವನ್ನೂ ಒದರಿದೆ. ಅಜ್ಜ ಕೇಳುತ್ತಲೇ ಕೈ ಹಾಕಿ, ಹಾಡುತ್ತಿದ್ದ ಟ್ರಾನ್ಸಿಸ್ಟರನ್ನು ಅರ್ಧಕ್ಕೇ ಆರಿಸಿದ. "ಯಾಕಜ್ಜ?" ಎಂದೆ.

"ಸೆಲ್ ಇಳಿದಾವು ಮಗಾ. ನಿಮ್ಮವ್ವಂಗೆ ಬೇಕಲ್ಲ."

ಮಂಗಳವಾರ, ಬುಧವಾರ ನಮ್ಮ ಹೊಲದಿಂದ ರೇಡಿಯೋ ಸದ್ದೇ ಬರಲಿಲ್ಲ. ಕುರಿಗಳಿಗೂ ಬೇಜಾರಾಗಿರಬೇಕು. ಗುರುವಾರ ಮಧ್ಯಾಹ್ನ ಊಟಕ್ಕೆ ಕೂತ ಅಪ್ಪ ತಟ್ಟೆ ನೋಡುತ್ತ, "ಅಜ್ಜನ ರೇಡಿಯೋ ಐತಲ್ಲ, ಹೋಗಾಕೆ ಆಗ್ತೈತೇನು?" ಎಂದ. ಡಬ್ಬಿ ಅಂತಿದ್ದೆಯಲ್ಲ, ರೇಡಿಯೋ ಯಾವಾಗ ಆಯ್ತು ಎಂದು ಕೇಳಲು ಬಾಯಿ ತೆರೆದೆ. ಅವ್ವ ಕಣ್ಣು ಬಿಟ್ಟಳು, ಮುಚ್ಚಿದೆ.

ಇನ್ನೂ ಬೆಳಕಿದ್ದಾಗಲೇ ಹೊಲ ಸೇರಿದೆವು. ಅವ್ವ ಮದುವೆಗೆ ಹೊರಟವಳ ಹಾಗೆ ಇಳಕಲ್ ಸೀರೆ ಉಟ್ಟಿದ್ದಳು. ಅಜ್ಜ ಕಂಬಳಿ ಹಾಸಿ, "ಕೂತ್ಕಳ್ರಿ ತಾಯಿ" ಎಂದ. ಟ್ರಾನ್ಸಿಸ್ಟರನ್ನು ಕಲ್ಲಿನ ಮೇಲಿಟ್ಟು ಅತ್ತ ಇತ್ತ ತಿರುಗಿಸಿ ಒಂದು ದಿಕ್ಕಿಗೆ ನಿಲ್ಲಿಸಿದ. ಕೊರಕೊರ ಸದ್ದು. ಅದರೊಳಗೆ ಯಾರೋ ಬಿಳಿಚೋಡು ಎಂದರು. ಆಮೇಲೆ ನಮ್ಮ ಮನೆಯ ಕಲ್ಲು ತಿರುಗಿತು, ಹೊಲದ ನಡುವೆ. ಅದರ ಹಿಂದೆ ಅವ್ವ ಬಂದಳು.

ನನಗೆ ಒಂದಿಷ್ಟೂ ಹೊಸದೆನಿಸಲಿಲ್ಲ. ಬೆಳಿಗ್ಗೆ ಕೇಳಿದ್ದ ಅದೇ ದನಿ. ಅಪ್ಪನೂ ಹೂಂ ಎಂದು ತಲೆಯಾಡಿಸುತ್ತಿದ್ದ. ಅವ್ವ ಮಾತ್ರ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದಳು. ಹಾಡು ಮುಗಿಯುವ ಮುಂಚೆಯೇ ಸೆಲ್ಲು ಸೋತು ದನಿ ಸಣ್ಣಗಾಗುತ್ತ ಹೋಯಿತು. ಅವ್ವ ಬಗ್ಗಿ, ಕಿವಿಯನ್ನು ಆ ಚರ್ಮದ ಚೀಲಕ್ಕೆ ಹಚ್ಚಿದಳು. ಅದು ಪೂರ್ತಿ ನಿಂತ ಮೇಲೂ ಹಾಗೇ ಇದ್ದಳು.

"ಇದು ನಾನಲ್ಲ ಕಣ್ರೀ" ಎಂದಳು ಅಪ್ಪನಿಗೆ. "ನಮ್ಮವ್ವ."

"ನೀನೇ ಅವ್ವ! ಇದೇ ನಿನ್ನ ದನಿ!" ಎಂದು ನಾನು ವಾದಕ್ಕೆ ನಿಂತೆ. ಅವಳು ನನ್ನ ಕಡೆ ತಿರುಗಲಿಲ್ಲ. ಅಜ್ಜನಿಗೆ, "ಇನ್ನೊಂದ್ಸಲ ಹಾಕಾಕೆ ಬರ್ತೈತೇನಜ್ಜ?" ಎಂದು ಕೇಳಿದಳು. ರೇಡಿಯೋದಲ್ಲಿ ಹೋದದ್ದು ಮತ್ತೆ ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅಜ್ಜ ಸೆಲ್ಲುಗಳನ್ನು ತೆಗೆದು ಅಂಗೈಯಲ್ಲಿ ತಿಕ್ಕಿ, ಮತ್ತೆ ಹಾಕಿ, ಗುಂಡಿ ತಿರುಗಿಸಿದ. ಏನೂ ಬರಲಿಲ್ಲ. "ಹೋತು ತಾಯಿ" ಎಂದ. ಅವನಿಗೂ ಅಳು ಬಂದಿತ್ತು ಎಂದು ನನ್ನ ನೆನಪು.

ಮರುದಿನ ಬೆಳಿಗ್ಗೆ ಎದ್ದಾಗ ಕಲ್ಲಿನ ಸದ್ದು ಬೇರೆ ಥರ ಇತ್ತು, ಒರಟಾಗಿ. ಹೋಗಿ ನೋಡಿದರೆ ಅವ್ವ ಒಂದು ಕಾಳೂ ಹಾಕದೆ ಬರೇ ಕಲ್ಲನ್ನು ತಿರುಗಿಸುತ್ತಿದ್ದಳು. ಎರಡು ಸಾಲು ಹಾಡುವುದು, ನಿಲ್ಲಿಸುವುದು. ಒಂದು ಕಿವಿಗೆ ಬೆರಳಿಟ್ಟು ಮತ್ತೆ ಹಾಡುವುದು. ನನ್ನನ್ನು ಕಂಡು ನಾಚಿಕೊಂಡಳು.

"ನಮ್ಮವ್ವ ನಂಗೆ ಸಿಗ್ತಿಲ್ಲ" ಎಂದಳು. "ಒಳಗಿಂದ ಕೇಳಿದ್ರೆ ನಾನೇ ಇರ್ತೀನಿ. ನಿಂಗೆ ಹೆಂಗೆ ಕೇಳ್ತೈತೆ?"



"ಅಜ್ಜಿ ಥರ" ಎಂದೆ. ಅವಳು ಮತ್ತೆ ಹಾಡತೊಡಗಿದಳು. ನಾನು ಎದುರಿಗೆ ಕೂತು ಕಲ್ಲಿನ ಗೂಟಕ್ಕೆ ಕೈ ಹಾಕಿದೆ.