ಪೂಜೆಗಿಟ್ಟ ಡಿಸ್ಕು

ಸಿಂಧನೂರಿನ ನಮ್ಮ ರಕ್ತ ತಪಾಸಣೆಯ ಲ್ಯಾಬಿಗೆ ಮಸ್ಕಿಯಲ್ಲೊಂದು, ಲಿಂಗಸುಗೂರಿನಲ್ಲೊಂದು ಶಾಖೆ. ಇಂಟರ್ನೆಟ್ಟಿನಲ್ಲಿ ಒಂದಕ್ಕೊಂದು ಜೋಡಿಸಿದ ಮೂರೂ ಕಡೆಯ ಕಂಪ್ಯೂಟರುಗಳನ್ನು ಕಾಯುವವಳು ಅತೀಯಾ, ಮುದಗಲ್ಲಿನ ಗಡಿಯಾರ ರಿಪೇರಿಯ ದಸ್ತಗೀರ್‌ಸಾಬರ ಮಗಳು. ಹೊರಗಿನ ಪೆನ್‌ಡ್ರೈವ್ ಕಂಡರೆ ಅವಳಿಗೆ ಹಾವು ಕಂಡಂತೆ. ಮದುವೆ ವಿಡಿಯೋ ನೋಡಲು ನಾನು ತಂದಿದ್ದನ್ನು ಕಸಿದುಕೊಂಡು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟಿದ್ದಳು. ಒಂದು ವಾರ ಮಾತು ಬಿಟ್ಟಿದ್ದೆ.

ಅವಳ ಜೀವವೆಲ್ಲ ಇದ್ದದ್ದು ಒಂದು ಕಪ್ಪು ಡಿಸ್ಕಿನಲ್ಲಿ. ಹನ್ನೊಂದು ವರ್ಷದ ರೋಗಿಗಳ ರಿಪೋರ್ಟುಗಳ ನಕಲು ಅದರಲ್ಲಿತ್ತು. ಪ್ರತಿ ಶನಿವಾರ ನಕಲು ಮಾಡಿ, ವೈರು ಬಿಚ್ಚಿ, ಅಲಮಾರಿಯಲ್ಲಿಡುತ್ತಿದ್ದಳು.

"ವಿಜಯಶ್ರೀ, ಕಂಪ್ಯೂಟರ್‌ನ್ಯಾಗ ಕಳ್ಳ ಹೊಕ್ರ ಇದೊಂದು ಅವನ ಕೈಗೆ ಸಿಗಬಾರ್ದು. ವೈರ್ ಹಚ್ಚಿ ಇಡಬ್ಯಾಡ," ಎಂದು ಮೂರು ಸಲವಾದರೂ ಹೇಳಿದ್ದಳು. ನಾನು ಹೂಂ ಅಂದಿದ್ದೆ.

ಹೋದ ವರ್ಷ ಆಯುಧ ಪೂಜೆಯ ದಿನ ಅವಳು ಲಿಂಗಸುಗೂರಿಗೆ ಹೋಗಿದ್ದಳು. "ಒಂದ್ ಯಂತ್ರನೂ ಬಂದ್ ಆಗಿರಬಾರ್ದು ನೋಡವಾ," ಎಂದರು ಮಾಲೀಕರಾದ ಶಿವಶರಣಪ್ಪನವರು. ಅವಳ ಮೇಜಿನ ಡ್ರಾಯರಿನಲ್ಲಿದ್ದ ಕೀಲಿಕೈ ತೆಗೆದುಕೊಂಡು ನಾನೇ ಅಲಮಾರಿ ತೆರೆದೆ. ಡಿಸ್ಕಿಗೆ ವಿಭೂತಿ ಹಚ್ಚಿ, ಹೂವಿಟ್ಟು, ದೊಡ್ಡ ಕಂಪ್ಯೂಟರಿಗೆ ಜೋಡಿಸಿದೆ. ನೀಲಿ ದೀಪ ಮಿನುಗಿತು. ಎಷ್ಟು ಚಂದ ಅಂದುಕೊಂಡೆ, ದಡ್ಡಿ!

ಮಂಗಳಾರತಿ ಎತ್ತುವ ಹೊತ್ತಿಗೆ ಅತೀಯಾ ಬಂದಳು. ಪರದೆಯ ಮೇಲೆ ರಿಪೋರ್ಟುಗಳ ಹೆಸರುಗಳು ಒಂದೊಂದಾಗಿ ಅರ್ಥವಿಲ್ಲದ ಅಕ್ಷರಗಳಾಗುತ್ತಿದ್ದವು. ಅದನ್ನು ನೋಡಿದಳು, ಆಮೇಲೆ ನೀಲಿ ದೀಪ ನೋಡಿದಳು.

"ಸಾವ್ಕಾರ್ರ, ವೈರ್ ಕೀಳಬೇಕ್ರಿ. ಒಳಗ ಕಳ್ಳ ಹೊಕ್ಕಾನ, ಎಲ್ಲಾ ರಿಪೋರ್ಟಿಗೂ ಕೀಲಿ ಹಾಕಾಕತ್ತಾನ!"

"ಪೂಜಿ ಆದ ಯಂತ್ರ ನಾಳಿ ತನಕ ಮುಟ್ಟಂಗಿಲ್ಲ. ಸರಿ ಅತ್ಲಾಗ!"

ಗಂಟೆ ಬಾರಿಸುತ್ತಿದ್ದ ನನ್ನ ಕೈ ನಿಂತಿತು. ಅತೀಯಾ ನಿಲ್ಲಲಿಲ್ಲ. ಆರತಿ ತಟ್ಟೆಯ ಕೆಳಗೆ ನುಸುಳಿ ಮೊದಲು ಡಿಸ್ಕಿನ ವೈರು ಕಿತ್ತಳು, ಆಮೇಲೆ ಇಂಟರ್ನೆಟ್ಟಿನದು. ಚೆಂಡು ಹೂವಿನ ಮಾಲೆ ಹರಿಯಿತು, ಆರತಿ ಆರಿತು.

"ಪೂಜಿ ಕೆಡಿಸಿದಿ! ನಾಳಿಂದ ಬರಬ್ಯಾಡ ನೀ!" ಮಾಲೀಕರು ಗುಡುಗಿದರು.

ಅವಳು ಆಗಲೇ ಮಸ್ಕಿ ಶಾಖೆಯ ಕರಿಬಸಯ್ಯನಿಗೆ ಫೋನ್ ಹಚ್ಚಿದ್ದಳು. "ಅಣ್ಣಾ, ಮೊದ್ಲ ವೈರ್ ಕೀಳು, ಆಮ್ಯಾಲ ಮಾತಾಡು." ದಸರಾ ಶುಭಾಶಯವೆಂದು ಮೇಲ್‌ನಲ್ಲಿ ಬಂದ ಫೈಲನ್ನು ಅವನು ಬೆಳಿಗ್ಗೆ ತೆರೆದಿದ್ದನಂತೆ; ಕಳ್ಳ ಹೊಕ್ಕದ್ದು ಅಲ್ಲಿಂದಲೇ. ಲಿಂಗಸುಗೂರಿನದನ್ನು ಕೆಲಸ ಮುಗಿಸಿ ಹೊರಡುವಾಗ ಅವಳೇ ಬಂದ್ ಮಾಡಿ ಬಂದಿದ್ದಳು.

ಬೇರೊಂದು ಲ್ಯಾಪ್‌ಟಾಪಿಗೆ ಡಿಸ್ಕು ಹಚ್ಚಿದಳು. ಮೊದಲ ಎರಡು ವರ್ಷದ ರಿಪೋರ್ಟುಗಳು ಹೋಗಿದ್ದವು. ಒಂಬತ್ತು ವರ್ಷದ್ದು ಉಳಿದಿತ್ತು.

ಶಿವಶರಣಪ್ಪನವರು ಕುರ್ಚಿಯಲ್ಲಿ ಕುಸಿದರು. "ಇದನ್ನ ಹಚ್ಚಿದವ್ರ್ಯಾರು?"

ಅತೀಯಾಳಿಗೆ ಗೊತ್ತಿತ್ತು. ನನ್ನ ಬೆರಳಲ್ಲಿನ್ನೂ ವಿಭೂತಿಯಿತ್ತು. ಅವಳು ಬಾಯಿ ಬಿಡಲಿಲ್ಲ. ನನಗೆ ನಾಚಿಕೆಯಾಯಿತು.

"ನಾನ್ರೀ. ಆಕಿ ಬ್ಯಾಡ ಅಂದಿದ್ಲು. ಬಿಡಿಸೂದಿದ್ರ ನನ್ನ ಬಿಡಸ್ರಿ."

ಅವರು "ಯಾರೂ ಹೋಗಬ್ಯಾಡ್ರಿ," ಎಂದು ಬಗ್ಗಿ ಹೂ ಆರಿಸತೊಡಗಿದರು.

ಅತೀಯಾ ಡಿಸ್ಕನ್ನು ಅಲಮಾರಿಯಲ್ಲಿಟ್ಟು, ಕೀಲಿಕೈಯನ್ನು ನನ್ನ ಅಂಗೈಗೆ ಹಾಕಿದಳು.

"ನನ್ನ ಹತ್ರಾನಾ?" ಅಳುತ್ತಾ ಕೇಳಿದೆ.

"ಇವತ್ತ ನಿನ್ನಷ್ಟು ಹೆದ್ರಿದವ್ರು ಇಲ್ಲಿ ಮತ್ಯಾರದಾರ?"

ಈ ವರ್ಷದ ಪೂಜೆಗೆ ಶಿವಶರಣಪ್ಪನವರೇ ಬಂದು ಕೀಲಿಕೈ ಕೇಳಿದರು. ನಾನು ಕೊಡಲಿಲ್ಲ.