ಥರ್ಮಾಕೋಲಿನ ಗುಡ್ಡ

ಹಾನಗಲ್ಲಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಂಡೆಗಳನ್ನು ಮಾಡುತ್ತೇನೆ. ಥರ್ಮಾಕೋಲನ್ನು ಚಾಕುವಿನಿಂದ ಕೆತ್ತಿ, ಗೋಡೆಗೆ ಹಚ್ಚುವ ಪುಟ್ಟಿ ಬಳಿದು, ಕಪ್ಪು ಬಣ್ಣ ಹಾಕಿ, ಅದು ಒಣಗಿದ ಮೇಲೆ ಅಂಚುಗಳಿಗಷ್ಟೇ ಬೂದು ಬಣ್ಣ ಸವರಿದರೆ ನಿಜವಾದ ಬಂಡೆಯಂತೆಯೇ ಕಾಣುತ್ತದೆ. ಬೆರಳುದ್ದದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ ಆಡುವ ಯುದ್ಧದ ಆಟಕ್ಕೆ ಇವು ಬೇಕು. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಇದೇನು ಹುಚ್ಚು ಎಂದು ಅವ್ವ ಗೊಣಗುತ್ತಿದ್ದಳು. ಸವಣೂರಿನ ಗೆಳೆಯನೊಬ್ಬನಿಗೂ ಇದೇ ಹುಚ್ಚು. ರವಿವಾರ ಬಂದರೆ ಅವನು ನಮ್ಮ ಮನೆಯಲ್ಲೇ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದೊಡ್ಡ ಗುಡ್ಡ ಮಾಡಿದೆ. ಕಡಿದಾದ ಏರು, ಚೂಪು ಬಂಡೆಗಳು, ತುದಿಯಲ್ಲಿ ಹಿಮಕ್ಕೆಂದು ಅಡಿಗೆ ಸೋಡಾ. ಅದೇ ವಾರ ಹಿರೇಕೆರೂರಿನಿಂದ ಅಕ್ಕ, ಅವಳ ಗಂಡ ಬಂದರು. ನಾನು ಮಾಮಾ ಎಂದು ಕರೆಯುವ ಆಕೆಯ ಗಂಡ ಸೈನ್ಯದಿಂದ ನಿವೃತ್ತರಾದವರು. ಗಡಿಯಲ್ಲಿ ಕಳೆದ ದಿನಗಳ ಬಗ್ಗೆ ಯಾರ ಮುಂದೂ ಬಾಯಿಬಿಟ್ಟವರಲ್ಲ.

ಊಟಕ್ಕೆ ಮುಂಚೆ ಅವರು ತಾವಾಗಿಯೇ ಕೋಣೆಗೆ ಬಂದರು. ಬಹಳ ಹೊತ್ತು ಗುಡ್ಡವನ್ನೇ ನೋಡಿ, ಏರಿನಲ್ಲಿದ್ದ ಸೈನಿಕರತ್ತ ಕೈ ಮಾಡಿದರು.

“ಇವರೆಲ್ಲಿಗೆ ಹೊಂಟಾರ?”

“ಮ್ಯಾಲಿನ ಠಾಣೆ ಹಿಡಿಬೇಕ್ರಿ ಮಾಮಾ.”

“ಸತ್ತರ?”

“ತಗದು ಬಾಜೂಕ ಇಡ್ತೇವ್ರಿ.”

ಮಾಮಾ ಬಯಲಲ್ಲಿದ್ದ ಇಬ್ಬರು ಸೈನಿಕರನ್ನು ಎತ್ತಿ ಬಂಡೆಯ ಮರೆಗೆ ಇಡಹೋದರು. ಒಬ್ಬ ಕೈಜಾರಿ ಉರುಳಿ ಕೆಳಗೆ ಬಿದ್ದ. ಮಾಮಾ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಊಟಕ್ಕೂ ಏಳಲಿಲ್ಲ.

“ಏನಂದ್ಯೋ ಅವರಿಗೆ?” ಎಂದು ಅಕ್ಕ ಹೊರಡುವಾಗ ಮೆಲ್ಲಗೆ ಕೇಳಿದಳು. “ಈಗೀಗ ಒಂಚೂರು ನಿದ್ದಿ ಹತ್ತಾಕತ್ತಿತ್ತು.”

ಮರುವಾರ ಫೋನ್ ಮಾಡಿದಾಗ, ಮಾಮಾ ಮಾತೇ ಬಿಟ್ಟಿದ್ದಾರೆ ಎಂದಳು. ನನಗೆ ಚಾಕು ಹಿಡಿಯಲು ಮನಸ್ಸಾಗಲಿಲ್ಲ. ಹಿರೇಕೆರೂರಿಗೆ ಹೋದೆ. ಅವರು ಅಂಗಳದಲ್ಲಿ ಗೋವಿನಜೋಳದ ತೆನೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಕುಳಿತು ನಾನೂ ಸುಲಿಯತೊಡಗಿದೆ.

“ಆ ಗುಡ್ಡ ಸುಟ್ಟು ಹಾಕ್ತೇನ್ರಿ ಮಾಮಾ.”

“ಅದನ್ನ ಸುಟ್ಟರ ನನ್ನ ತಲ್ಯಾಗಿಂದು ಹೋಗತೈತೇನು?” ಎಂದರು. ಇನ್ನೊಂದು ತೆನೆ ಎತ್ತಿಕೊಂಡು ತಾವೇ ಹೇಳಿದರು: “ನನ್ನ ಜೋಡಿ ಒಬ್ಬ ಇದ್ದ. ಕಲ್ಲಿನ ಮರಿಗೆ ಬಾ ಅಂತ ಒದರಿದೆ. ಆ ಗಾಳ್ಯಾಗ ಅವಗ ಕೇಳಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಅಕ್ಕ ಈ ಮಾತನ್ನು ಕೇಳಿದ್ದು ಅದೇ ಮೊದಲು. ಬಂದು ಅವರೆದುರು ಕುಳಿತಳು. “ಯಾವೂರಾವ್ರೀ ಆತ?” ಎಂದಳು. ಮಾಮಾ ಹೇಳುತ್ತಾ ಹೋದರು. ನಾನು ಎದ್ದು ಓಣಿಯ ಕಡೆ ಹೋದೆ.

ಗುಡ್ಡವನ್ನು ಗೆಳೆಯ ಸವಣೂರಿಗೆ ಒಯ್ದ. ಈಗ ನಾನೇ ಅಲ್ಲಿಗೆ ಹೋಗಿ ಆಡುತ್ತೇನೆ, ಆದರೆ ಮೊದಲಿನ ಹುರುಪಿಲ್ಲ. ಅಕ್ಕ ತಿಂಗಳಿಗೊಮ್ಮೆ ಮಾಮಾರನ್ನು ಹುಬ್ಬಳ್ಳಿಯ ಡಾಕ್ಟರರ ಬಳಿ ಕರೆದೊಯ್ಯುತ್ತಾಳೆ. ಹೇಗಿದ್ದಾರೆ ಎಂದು ಕೇಳಿದರೆ, “ಒಂದಿನ ಹಂಗ, ಒಂದಿನ ಹಿಂಗ” ಎನ್ನುತ್ತಾಳೆ.