ಮಂಜಿನೊಳಗಿಂದ ಮಾತು ಕಳಿಸಿದವರು

ಜರ್ಮನ್ ಸಾಹೇಬರ ಬಲಗಣ್ಣು ಎಡಗಣ್ಣಿಗಿಂತ ಸಣ್ಣದಾಗಿತ್ತು. ಜೀವಮಾನವಿಡೀ ಎಡಗಣ್ಣಿನಿಂದ ದುರ್ಬೀನು ನೋಡುತ್ತ, ಬಲಗಣ್ಣು ಮುಚ್ಚಿ ಮುಚ್ಚಿ, ಆ ರೆಪ್ಪೆ ಅರ್ಧ ಇಳಿದೇ ಉಳಿದುಬಿಟ್ಟಿತ್ತು.

ನಾನು ನರ್ಸ್ ಆಗಿರುವ ಚಿಕಿತ್ಸಾಲಯ ಅರಬ್ ನಾಡಿನ ಖಮೀಸ್ ಮುಶೈತ್ ಪೇಟೆಯ ಹೊರಗೆ ಗುಡ್ಡದ ಮೇಲಿದೆ. ಬಂಡೆಯಲ್ಲಿ ಕೇಬಲ್ ಹೂಳಲಾಗದೆ, ಬೆಳಕಿನ ಮೂಲಕ ಸಂದೇಶ ಕಳಿಸುವ ಯಂತ್ರವನ್ನು ಸಾಹೇಬರು ಇಲ್ಲಿ ಕೂರಿಸಿದರು. ನಮ್ಮ ತಾರಸಿಯಲ್ಲೊಂದು ಪೆಟ್ಟಿಗೆ, ಕಣಿವೆಯಾಚೆ ಪೇಟೆಯ ಆಸ್ಪತ್ರೆಯ ತಾರಸಿಯಲ್ಲಿ ಇನ್ನೊಂದು. ಅವರದೇ ಆವಿಷ್ಕಾರ. ಇಲ್ಲಿಯ ರೋಗಿಯನ್ನು ಅಲ್ಲಿಯ ಡಾಕ್ಟರು ಪರದೆಯ ಮೇಲೆ ನೋಡುತ್ತಿದ್ದರು.

"ಅಪ್ಪ ಕನ್ನಡಕದ ಗಾಜು ಉಜ್ಜುತ್ತಿದ್ದ. ಅಜ್ಜ ರೈಲ್ವೆಯಲ್ಲಿ ತಂತಿ ಕಳಿಸುತ್ತಿದ್ದ. ನಾನು ಎರಡನ್ನೂ ಕೂಡಿಸಿದೆ, ಅಷ್ಟೆ," ಎನ್ನುತ್ತಿದ್ದರು. ಉಪ್ಪಿನಕಾಯಿ ಹಚ್ಚಿದ ಬ್ರೆಡ್ಡನ್ನು ನಿಂತೇ ತಿನ್ನುತ್ತಿದ್ದರು. ಪೆಟ್ಟಿಗೆಯ ಗಾಜನ್ನು ಹಳೆಯ ಬನಿಯನ್ ಬಟ್ಟೆಯಿಂದಲೇ ಒರೆಸಬೇಕು, ಅದೂ ಅವರೇ.

ಆದರೆ ಚಳಿಗಾಲದ ಮಂಜು ಬಂದರೆ ಬೆಳಕು ದಾಟುತ್ತಿರಲಿಲ್ಲ. ಪರದೆ ಕಪ್ಪಾಗುತ್ತಿತ್ತು. ಮಂಜು ಕಳೆಯುವುದರೊಳಗೆ ಸರಿಯಾಗದಿದ್ದರೆ ಪೆಟ್ಟಿಗೆ ಕಿತ್ತೊಯ್ಯುತ್ತೇವೆ ಎಂದು ಅವರನ್ನು ಕರೆತಂದ ಕಂಪನಿ ಹೇಳಿತು. ಸಾಹೇಬರು ಹಾಸಿಗೆ ತಂದು ನಮ್ಮ ಔಷಧಿ ಕೋಣೆಯಲ್ಲೇ ಬಿಡಾರ ಹೂಡಿದರು.

"ಎಂತ ಸಿಸ್ಟರ್, ಈ ಮುದುಕ ಮಂಜಿಗೇ ಬುದ್ಧಿ ಹೇಳ್ತಾನಂತಾ?" ಎಂದು ಔಷಧಿ ತರುತ್ತಿದ್ದ ಭಟ್ಕಳದ ಡ್ರೈವರ್ ಭಾಯಿ ನಗುತ್ತಿದ್ದರು.

ಸಾಹೇಬರಿಗೆ ಹೇಳಿದೆ. ಅವರೂ ನಕ್ಕರು. "ಮಂಜಿಗೆ ಅಲ್ಲ, ನಮಗೆ. ದಾರಿ ಇಕ್ಕಟ್ಟಾದಾಗ ಹೊರೆ ಇಳಿಸಬೇಕು. ಚಿತ್ರ ದಾಟದಿದ್ದರೆ ಅಕ್ಷರ ದಾಟೀತು. ಹಳೇ ತಂತಿಯ ಹಾಗೆ, ಒಂದೊಂದೇ." ಯಂತ್ರಕ್ಕೆ ಅಕ್ಷರ ಒತ್ತುವ ಕೀಲಿಮಣೆಯೊಂದನ್ನು ಜೋಡಿಸಿದರು.

ಒಂದು ಮಧ್ಯಾಹ್ನ ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ಸಿಡಿಲಿಗೆ ಮೊಬೈಲ್ ಟವರ್ ಕೆಟ್ಟಿತ್ತು. ಕಿಟಕಿಯಾಚೆ ಬರೀ ಬಿಳುಪು. ನಮ್ಮ ಚಿಕಿತ್ಸಾಲಯದ ಡಾಕ್ಟರು ತಾಯಿಯ ಹೊಟ್ಟೆ ಒತ್ತಿ ಹಿಡಿದು, "ರಕ್ತ ತರಿಸಿ" ಎಂದರು. ನಾನು ಯಂತ್ರದ ಮುಂದೆ ಕೂತು ಹೆಸರು, ವಯಸ್ಸು ಬರೆಯತೊಡಗಿದೆ. ಸಾಹೇಬರು ನನ್ನ ಕೈ ಹಿಡಿದರು.

"ಹೆಸರು ಬೇಡ ಸಿಸ್ಟರ್. ಏನು ಬೇಕೋ ಅದು ಮಾತ್ರ."

ರಕ್ತದ ಗುಂಪು ಬರೆದೆ. 'ಕಳಿಸಿ' ಎಂದು ಬರೆದೆ. ಅಕ್ಷರ ಅರ್ಧದಲ್ಲಿ ಕಳೆದುಹೋಗುತ್ತಿತ್ತು. ಅವರು ಮತ್ತೆ ಕಳಿಸುತ್ತಿದ್ದರು. ಬೇಸರವಿಲ್ಲ, ಗಡಿಬಿಡಿಯಿಲ್ಲ. ಕೊನೆಗೆ ಆಚೆಯಿಂದ ಒಂದೇ ಮಾತು ಮೂಡಿತು: ಹೊರಟಿದೆ.

ಭಾಯಿ ಪೇಟೆಯಿಂದ ರಕ್ತದ ಪೆಟ್ಟಿಗೆ ಹಿಡಿದು ಒಳಗೆ ಬಂದಾಗ ಅವರ ಗಡ್ಡದಿಂದ ನೀರು ಇಳಿಯುತ್ತಿತ್ತು. "ಗಾಡಿಯ ಬಾನೆಟ್ಟೇ ಕಾಣ್ಲಿಲ್ಲ ಮಾರಾಯ್ರೆ. ನಿಮ್ಮ ಮುದುಕ ಸುಮ್ಮನೆ ಕೂತಿದ್ರೆ ನಾನೀಗ ಬೆಚ್ಚಗೆ ಚಾ ಕುಡೀತಿದ್ದೆ," ಎಂದರು. ತಾಯಿ ಬದುಕಿದಳು. ತಾರಸಿಯ ಪೆಟ್ಟಿಗೆಯೂ ಉಳಿಯಿತು.

ಮರುವರ್ಷ ಚಿಕಿತ್ಸೆಗೆಂದು ತಮ್ಮ ದೇಶಕ್ಕೆ ಹೋದ ಸಾಹೇಬರು ಹಿಂದಿರುಗಲಿಲ್ಲ. ಅವರ ಮಗಳೇ ಫೋನ್ ಮಾಡಿ ತಿಳಿಸಿದರು. ನಾನು ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ನೋಡಿಕೊಳ್ಳುವವರಿಲ್ಲದ ಯಂತ್ರ ಯಾಕೆ ಎಂದು ಕಂಪನಿಯವರು ಈಚೆಗೆ ಕೇಳಿದರು. ನಾನಿದ್ದೇನೆ ಎಂದೆ. ಗಾಜು ಒರೆಸಲು ಕಲಿತಿದ್ದೇನೆ. ಮಂಜು ಇಳಿಯತೊಡಗಿದ ಕೂಡಲೇ ಯಂತ್ರದ ಮುಂದೆ ಕೂತು 'ಇದ್ದೀರಾ?' ಎಂದು ಕಳಿಸುತ್ತೇನೆ. ಆಚೆಯಿಂದ ಉತ್ತರ ಬರುವ ತನಕ ಏಳುವುದಿಲ್ಲ.